ಕಂಬರ್‌ಬ್ಯಾಚ್! ಒಡೆಯನಿಗೂ ಅದೇ ಹೆಸರು... ಆಳಿಗೂ ಅದೇ ಹೆಸರು!

ಬಾಯಿ ತುಂಬ ಕಡ್ಲೆಪುರಿ ತುಂಬಿಕೊಂಡು ಈ ಹೆಸರನ್ನು ಒಂದೇ ಉಸಿರಿಗೆ ಹೇಳಿ ನೋಡೋಣ: ಬೆನೆಡಿಕ್ಟ್ ಕಂಬರ್‌ಬ್ಯಾಚ್!

ಆಯ್ತೇ? ಪುರಿಯೆಲ್ಲ ಎದುರು ಸೀಟಿನವರ ಮೈಮೇಲೆ!

ಇಂಗ್ಲಿಷ್ ಚಿತ್ರ ನೋಡುವ ಹುಡುಗರಿಗೆ ಈತನ ಪರಿಚಯ ಮಾಡಿಕೊಡಬೇಕಿಲ್ಲ. 2010ರಿಂದ ಬಿ.ಬಿ.ಸಿ.ಯ ‘ಷರ್ಲಾಕ್’ನಲ್ಲಿ ಕೋಟಿನ ಕಾಲರ್ ಎತ್ತಿ ಲಂಡನ್ನಿನ ಬೀದಿ ಬೀದಿ ಓಡಿದವನು. 2016ರ ‘ಡಾಕ್ಟರ್ ಸ್ಟ್ರೇಂಜ್’ನಲ್ಲಿ ಗಾಳಿಯಲ್ಲಿ ಕೈ ತಿರುವಿ ಬೆಂಕಿಕಿಡಿಯ ಚಕ್ರ ಎಬ್ಬಿಸಿದವನು. ‘ದಿ ಹಾಬಿಟ್’ ಚಿತ್ರಗಳಲ್ಲಿ ಬೆಂಕಿ ಉಗುಳುವ ಆ ಘಟಸರ್ಪಕ್ಕೆ ಗಂಟಲು ಕೊಟ್ಟವನೂ ಇವನೇ. 2014ರ ‘ದಿ ಇಮಿಟೇಷನ್ ಗೇಮ್’ಗೊಮ್ಮೆ, 2021ರ ‘ದಿ ಪವರ್ ಆಫ್ ದಿ ಡಾಗ್’ಗೊಮ್ಮೆ, ಹೀಗೆ ಎರಡು ಸಲ ಆಸ್ಕರ್ ಬಾಗಿಲವರೆಗೆ ಹೋಗಿ ಬಂದಿದ್ದಾನೆ. ಇನ್ನೊಂದು ಮಾತು ಅಭಿಮಾನಿಗಳಿಗೆ: ಕಾಲೇಜು ಸೇರುವ ಮುಂಚೆ ಈ ಹೈದ ನಮ್ಮ ಡಾರ್ಜಿಲಿಂಗಿಗೆ ಬಂದು ಟಿಬೆಟನ್ ಸನ್ಯಾಸಿಗಳಿಗೆ ಇಂಗ್ಲಿಷ್ ಪಾಠ ಹೇಳಿದ್ದ!

ನಟನೆಯ ವಿಷಯ ಇವತ್ತು ಬೇಡ. ಹೆಸರಿನ ವಿಷಯಕ್ಕೆ ಬರೋಣ. ಹುಟ್ಟಿದಾರಭ್ಯ ಇಂಗ್ಲಿಷ್ ಮಾತಾಡುವವರಿಗೇ ಈ ಹೆಸರು ತೊಡಕು. ಅದನ್ನು ಬೇಕೆಂತಲೇ ತಪ್ಪಾಗಿ ಹೇಳುವುದು ಒಂದು ಆಟವಾಗಿ ಹೋಯಿತು. ಗುಂಡಿ ಒತ್ತಿದರೆ ಸಾಕು, ಅವನ ಹೆಸರಿನ ಧಾಟಿಯಲ್ಲೇ ಅಡ್ಡಾದಿಡ್ಡಿ ಹೆಸರುಗಳನ್ನು ಹುಟ್ಟಿಸಿಕೊಡುವ ತಮಾಷೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಯಾರೋ ಪುಣ್ಯಾತ್ಮರು ಮಾಡಿಟ್ಟರು. ಹಾಗಂತ ನಮ್ಮ ನಾಯಕನೇನು ಕಡಿಮೆಯೇ? 2009ರಲ್ಲಿ ಬಿ.ಬಿ.ಸಿ.ಯ ಒಂದು ಸಾಕ್ಷ್ಯಚಿತ್ರಕ್ಕೆ ಹಿನ್ನೆಲೆ ಓದುವಾಗ ‘ಪೆಂಗ್ವಿನ್’ ಅನ್ನೋ ಶಬ್ದ ಅವನ ನಾಲಿಗೆಯಲ್ಲಿ ‘ಪೆಂಗ್ವಿಂಗ್’ ಆಗಿ ಹೋಯಿತು! ಆಮೇಲೆ ವರ್ಷಗಟ್ಟಲೆ ಟಿ.ವಿ. ಸಂದರ್ಶನಗಳಲ್ಲಿ ಅವನನ್ನು ಆಡಿಸಿದ್ದೇ ಆಡಿಸಿದ್ದು.

ನಗು ಸಾಕು. ಈ ಹೆಸರಿನ ಹಿಂದೆ ಒಂದು ಹಳ್ಳಿ ಇದೆ, ಒಂದು ದ್ವೀಪ ಇದೆ, ಮನುಷ್ಯರನ್ನು ದನದ ಹಾಗೆ ಲೆಕ್ಕ ಬರೆದಿಟ್ಟ ಪುಸ್ತಕಗಳಿವೆ. ಜೊತೆಗೆ ಒಬ್ಬ ತಾಯಿಯ ಅಂಜಿಕೆ ಇದೆ.

ಅಪ್ಪ ಬಿಟ್ಟ ಹೆಸರನ್ನು ಮಗ ಹಿಡಿದ

ಬೆನೆಡಿಕ್ಟ್ ಹುಟ್ಟಿದ್ದು 1976ರ ಜುಲೈ 19ರಂದು, ಲಂಡನ್ನಿನಲ್ಲಿ. ಅಪ್ಪನೂ ನಟ, ಅಮ್ಮನೂ ನಟಿ. ಅಮ್ಮ ವಾಂಡಾ ವೆಂಥಮ್ ಬ್ರಿಟಿಷ್ ಟಿ.ವಿ.ಯಲ್ಲಿ ಹೆಸರು ಮಾಡಿದ ಸುಂದರಿ. ಅಪ್ಪನ ಪೂರ್ತಿ ಹೆಸರು ಟಿಮೊಥಿ ಕಾರ್ಲ್‌ಟನ್ ಕಾಂಗ್ಡನ್ ಕಂಬರ್‌ಬ್ಯಾಚ್. ಪೋಸ್ಟರಿನಲ್ಲಿ ಇಷ್ಟುದ್ದ ಹಿಡಿಸುತ್ತದೆಯೇ? ಆ ಮನುಷ್ಯ ‘ಕಾಂಗ್ಡನ್’ನೂ ಬಿಟ್ಟರು, ‘ಕಂಬರ್‌ಬ್ಯಾಚ್’ನೂ ಬಿಟ್ಟರು. ಬರೀ ‘ಟಿಮೊಥಿ ಕಾರ್ಲ್‌ಟನ್’ ಆಗಿ ಬಣ್ಣ ಹಚ್ಚಿದರು.

ಇದರಲ್ಲಿ ವಿಶೇಷವೇನೂ ಇಲ್ಲ ಬಿಡಿ. ಬೆಳ್ಳಿತೆರೆಗೆ ಬಂದವರು ಹೆಸರು ಬದಲಾಯಿಸುವುದು ನಮಗೇನು ಹೊಸದೇ? 1954ರಲ್ಲಿ ‘ಬೇಡರ ಕಣ್ಣಪ್ಪ’ನ ಸೆಟ್ಟಿಗೆ ಮುತ್ತುರಾಜನಾಗಿ ಹೋದ ಅಣ್ಣಾವ್ರು ರಾಜ್‌ಕುಮಾರ್ ಆಗಿ ಹೊರಬಂದರು. ಆ ಹೆಸರಿಟ್ಟವರು ದಿಗ್ದರ್ಶಕ ಎಚ್.ಎಲ್.ಎನ್. ಸಿಂಹ. 1972ರ ‘ನಾಗರಹಾವು’ ಸಂಪತ್‌ಕುಮಾರನನ್ನು ವಿಷ್ಣುವರ್ಧನ್ ಮಾಡಿತು. ಹಾಗೇ ಇವನೂ ಮೊದಮೊದಲು ಅಪ್ಪನ ದಾರಿಯನ್ನೇ ಹಿಡಿದು ‘ಕಾರ್ಲ್‌ಟನ್’ ಅಂತಲೇ ಅವಕಾಶ ಹುಡುಕಿದ. ಆಮೇಲೆ ಏಜೆಂಟ್ ಬದಲಾದರು. ಹೊಸ ಏಜೆಂಟಿಗೆ ಅಸಲಿ ಹೆಸರೇ ಹಿಡಿಸಿತು. ಒಂದು ಸಲ ಕೇಳಿದವರು ಮರೆಯುವುದಿಲ್ಲ ಅನ್ನೋ ಲೆಕ್ಕಾಚಾರ. ಲೆಕ್ಕ ತಪ್ಪಲಿಲ್ಲ!

ಅಮ್ಮನಿಗೆ ಮಾತ್ರ ಇದು ಹಿಡಿಸಿರಲಿಲ್ಲ. ಕಾರಣ ಉದ್ದವಲ್ಲ, ಉಚ್ಚಾರಣೆಯೂ ಅಲ್ಲ. ‘ಈ ಹೆಸರು ಹಾಕಿಕೊಳ್ಳಬೇಡ, ಗುಲಾಮರ ವಂಶದವರು ಯಾರಾದರೂ ಪರಿಹಾರ ಕೇಳಿಕೊಂಡು ಬಂದಾರು’ ಎಂಬ ಅರ್ಥದಲ್ಲಿ ಅಮ್ಮ ಎಚ್ಚರಿಸಿದ್ದರಂತೆ. ಇದನ್ನು ಪತ್ರಿಕೆಯವರ ಮುಂದೆ ಬಾಯಿಬಿಟ್ಟವನು ಬೇರಾರೂ ಅಲ್ಲ, ಸ್ವತಃ ಬೆನೆಡಿಕ್ಟ್!

ಗುಲಾಮರೇ? ಪರಿಹಾರವೇ? ಎಲ್ಲಿಯ ಲಂಡನ್, ಎಲ್ಲಿಯ ಗುಲಾಮರು? ಬನ್ನಿ, ಬುಡದಿಂದಲೇ ನೋಡೋಣ.

ಹಳ್ಳದ ಪಕ್ಕದ ಹಳ್ಳಿ

ಇಂಗ್ಲೆಂಡಿನ ವಾಯವ್ಯಕ್ಕೆ ಚೆಷೈರ್ ಅಂತ ಒಂದು ಸೀಮೆ. ಅಲ್ಲಿ ನಾರ್ತ್‌ವಿಚ್ ಎಂಬ ಪಟ್ಟಣ. ಉಪ್ಪಿಗೆ ಹೆಸರಾದ ಊರು, ನೆಲದಡಿಯೆಲ್ಲ ಉಪ್ಪು. ಅದರ ಹತ್ತಿರವೇ ಒಂದು ಸಣ್ಣ ಹಳ್ಳಿ, ಹೆಸರು ಕಾಂಬರ್‌ಬ್ಯಾಚ್. ಬರೆಯುವಾಗ ಒಂದೆರಡು ಅಕ್ಷರ ಆಚೀಚೆ, ಅಷ್ಟೇ. ನಮ್ಮ ನಟನ ವಂಶದ ಹೆಸರು ಹುಟ್ಟಿದ್ದು ಇಲ್ಲೇ.

ನಮ್ಮಲ್ಲಿ ಹೆಸರಿನ ಮುಂದೆ ಊರಿನ ಹೆಸರು ಅಂಟಿಕೊಳ್ಳುವುದಿಲ್ಲವೇ, ಹಾಗೇ ಅವರಲ್ಲೂ. ಸರಿಸುಮಾರು 13ನೇ, 14ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ವಂಶದ ಹೆಸರುಗಳು ಗಟ್ಟಿಯಾಗುತ್ತಿದ್ದವು. ಊರು ಬಿಟ್ಟು ಬೇರೆ ಕಡೆ ಹೋದವನಿಗೆ ಬಿಟ್ಟುಬಂದ ಊರೇ ಹೆಸರಾಗುತ್ತಿತ್ತು. ಊರಲ್ಲೇ ಉಳಿದವನನ್ನು ಊರಿನ ಹೆಸರಿಂದ ಕರೆದು ಏನು ಪ್ರಯೋಜನ, ಎಲ್ಲರೂ ಅದೇ ಊರಿನವರು ತಾನೇ! ಆದ್ದರಿಂದ ಇಂಥ ಹೆಸರು ಇಟ್ಟುಕೊಂಡವನ ಮೂಲಪುರುಷ ಎಂದೋ ಒಂದು ದಿನ ಗಂಟು ಕಟ್ಟಿಕೊಂಡು ಹೊರಟವನೇ ಇರಬೇಕು. ಬರೆಯುವವರ ಕೈಗೆ ಸಿಕ್ಕಿ ಅದು ಕಂಬರ್‌ಬಾಕ್, ಕಂಬರ್‌ಬ್ಯಾಚ್, ಕಂಬರ್‌ಪ್ಯಾಚ್ ಅಂತ ನಾನಾ ವೇಷ ಹಾಕಿತು.

ಊರಿನ ಹೆಸರಿಗೇನು ಅರ್ಥ? ಹಳೆಯ ಇಂಗ್ಲಿಷಿನಲ್ಲಿ ‘ಬ್ಯಾಚೆ’ ಅಂದರೆ ತಗ್ಗಿನಲ್ಲಿ ಹರಿಯುವ ತೊರೆ. ನಾವು ‘ಹಳ್ಳ’ ಅನ್ನುತ್ತೇವಲ್ಲ, ನೀರೂ ಅದೇ, ತಗ್ಗೂ ಅದೇ, ಸರಿಯಾಗಿ ಹಾಗೆ! ಚೆಷೈರಿನಲ್ಲೇ ‘ಸ್ಯಾಂಡ್‌ಬ್ಯಾಚ್’ ಅಂತ ಇನ್ನೊಂದು ಊರಿದೆ, ಮರಳುಹಳ್ಳ ಅಂತಿಟ್ಟುಕೊಳ್ಳಿ. ಇನ್ನು ‘ಕುಂಬ್ರ’. ಅದು ಒಬ್ಬ ಮನುಷ್ಯನ ಹೆಸರಿರಬಹುದು, ಇಲ್ಲವೇ ಒಂದು ಜನದ ಹೆಸರಿರಬಹುದು. ಆಂಗ್ಲೋ-ಸ್ಯಾಕ್ಸನ್ನರು ಬಂದು ನೆಲೆಯೂರುವ ಮೊದಲೇ ಆ ನೆಲದಲ್ಲಿದ್ದ ಬ್ರಿಟನ್ನರು, ಅಂದರೆ ಇವತ್ತಿನ ವೇಲ್ಸ್ ಜನರ ಪೂರ್ವಿಕರು, ತಮ್ಮನ್ನು ಕರೆದುಕೊಳ್ಳುತ್ತಿದ್ದ ಹೆಸರದು. ‘ಒಂದೇ ನಾಡಿನವರು’ ಅಂತ ಅರ್ಥ. ವೇಲ್ಸ್ ಭಾಷೆಯಲ್ಲಿ ಈಗಲೂ ವೇಲ್ಸಿಗೆ ‘ಕುಮ್ರಿ’ ಅಂತಲೇ ಹೆಸರು. ಉತ್ತರದ ‘ಕಂಬ್ರಿಯಾ’ ಸೀಮೆಯೂ ಅದೇ ಬೇರಿನದು.

ತಮಾಷೆ ನೋಡಿ. ಅವರು ತಮ್ಮನ್ನು ‘ನಾಡಿನವರು’ ಅಂದುಕೊಂಡರೆ, ಬಂದು ಕೂತ ಆಂಗ್ಲೋ-ಸ್ಯಾಕ್ಸನ್ನರು ಅವರನ್ನು ‘ವೆಲ್ಷ್’ ಅಂದರು. ಹಾಗೆಂದರೆ ಪರಕೀಯ! ಮನೆಯವನನ್ನೇ ಹೊರಗಿನವನು ಅಂದಂತಾಯಿತು. ಆ ಶಬ್ದದಿಂದ ‘ವಾಲ್ಷ್’ ಎಂಬ ವಂಶದ ಹೆಸರು ಹುಟ್ಟಿತು. ವೆಸ್ಟ್ ಇಂಡೀಸಿನ ಕೋರ್ಟ್ನಿ ವಾಲ್ಷ್ ನೆನಪಿದೆಯಲ್ಲ? ಆರಡಿ ಮೇಲಿನ ಆ ಜಮೈಕಾದ ಕರಿಯ ಬೌಲರನಿಗೆ ‘ವೇಲ್ಸಿನವನು’ ಅನ್ನೋ ಹೆಸರು ಹೇಗೆ ಬಂತು? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಹಡಗು ಹತ್ತಿ.

ಉಪ್ಪಿನ ಸೀಮೆಯ ಹೆಸರು ಸಕ್ಕರೆ ದ್ವೀಪಕ್ಕೆ

ಬಾರ್ಬಡೋಸ್. ಕೆರೀಬಿಯನ್ ದ್ವೀಪಗಳ ಸಾಲಿನಿಂದ ಒಂಟಿಯಾಗಿ ಪೂರ್ವಕ್ಕೆ ಸರಿದು ನಿಂತ ಪುಟ್ಟ ದ್ವೀಪ. ವಿಸ್ತಾರ 166 ಚದರ ಮೈಲಿ. ಇವತ್ತಿನ ಬೆಂಗಳೂರು ಮಹಾನಗರವೇ ಅದಕ್ಕಿಂತ ದೊಡ್ಡದು! 1627ರಲ್ಲಿ ಇಂಗ್ಲಿಷರು ಅಲ್ಲಿ ನೆಲೆ ಊರಿದರು. ಮೊದಲು ತಂಬಾಕು, ಹತ್ತಿ ಬೆಳೆದರು. 1640ರ ದಶಕದಲ್ಲಿ ಕಬ್ಬು ಬಂತು. ಅಲ್ಲಿಗೆ ದ್ವೀಪದ ಹಣೆಬರಹವೇ ಬದಲಾಯಿತು.

ಕಬ್ಬಿನ ಕಷ್ಟ ಮಂಡ್ಯ ಕಡೆಯ ಹುಡುಗರಿಗೆ ಗೊತ್ತು. ಕಡಿದ ಕಬ್ಬು ಕಾಯುವುದಿಲ್ಲ. ಬೇಗ ಅರೆಯಬೇಕು, ಬೇಗ ಕಾಯಿಸಬೇಕು, ಇಲ್ಲದಿದ್ದರೆ ರಸ ಹುಳಿ. ಆ ದ್ವೀಪದಲ್ಲಿ ಗಾಳಿಗಿರಣಿಗಳು ಗಾಣ ತಿರುಗಿಸುತ್ತಿದ್ದವು. ಪಕ್ಕದ ಕಾಯಿಸುವ ಮನೆಯಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತಾಮ್ರದ ಕೊಪ್ಪರಿಗೆಗಳು. ನಮ್ಮ ಆಲೆಮನೆಯೇ, ಆದರೆ ಸುಗ್ಗಿಯಲ್ಲಿ ಹಗಲೂ ರಾತ್ರಿ ನಿಲ್ಲದ ಆಲೆಮನೆ. ನಿದ್ದೆಗಣ್ಣಲ್ಲಿ ಗಾಣಕ್ಕೆ ಕಬ್ಬು ಕೊಡುವವನ ಬೆರಳು ರೋಲರಿಗೆ ಸಿಕ್ಕಿಕೊಂಡಿತೋ, ಕೈಯೆಲ್ಲ ಒಳಕ್ಕೆ. ಅದಕ್ಕೇ ಗಾಣದ ಪಕ್ಕದಲ್ಲಿ ಒಂದು ಕೊಡಲಿ ಇಟ್ಟಿರುತ್ತಿದ್ದರು. ಗಾಣ ನಿಲ್ಲಿಸುವುದಕ್ಕಲ್ಲ... ತೋಳು ಕಡಿಯುವುದಕ್ಕೆ!

ಇಂಥ ಕೆಲಸಕ್ಕೆ ಸಂಬಳಕ್ಕೆ ಯಾರು ಬರುತ್ತಾರೆ? ಆಫ್ರಿಕದಿಂದ ಮನುಷ್ಯರನ್ನು ಹಡಗಿನ ಹೊಟ್ಟೆಯಲ್ಲಿ ಸರಪಳಿ ಹಾಕಿ ತಂದರು. ಅವರನ್ನು ಅಂಕೆಯಲ್ಲಿಡಲು 1661ರಲ್ಲೇ ಒಂದು ಕಾನೂನು ಮಾಡಿದರು. ಬೇರೆ ಇಂಗ್ಲಿಷ್ ವಸಾಹತುಗಳು ಅದನ್ನೇ ನೋಡಿ ನಕಲು ಹೊಡೆದವು.

ಈ ದ್ವೀಪದ ಸೇಂಟ್ ಆಂಡ್ರ್ಯೂ ಭಾಗದಲ್ಲಿ ಕ್ಲೆಲ್ಯಾಂಡ್ ಎಂಬ ಕಬ್ಬಿನ ತೋಟ. 1728ರಲ್ಲಿ ಅದನ್ನು ಕೊಂಡವನ ಹೆಸರು ಅಬ್ರಹಾಂ ಕಂಬರ್‌ಬ್ಯಾಚ್! ನಮ್ಮ ಡಾಕ್ಟರ್ ಸ್ಟ್ರೇಂಜನ ನೇರ ಪೂರ್ವಿಕ. ಅಲ್ಲಿಂದ ನೂರು ವರ್ಷಕ್ಕೂ ಮಿಗಿಲಾಗಿ, ಗುಲಾಮಗಿರಿ ರದ್ದಾಗುವವರೆಗೂ, ಆ ಮನೆತನ ಮನುಷ್ಯರ ಒಡೆಯನಾಗಿತ್ತು. ಆ ತೋಟದಲ್ಲಿ 250ರಷ್ಟು ಜನ ಗುಲಾಮರಿದ್ದರೆಂದು ಪತ್ರಿಕೆಗಳು ಬರೆದಿವೆ. ಅದೇ ಸೇಂಟ್ ಆಂಡ್ರ್ಯೂ ಭಾಗದಲ್ಲಿ ಮಾರ್ಗನ್ ಲೂಯಿಸ್ ಅನ್ನೋ ಹಳೆಯ ಕಬ್ಬಿನ ಗಾಳಿಗಿರಣಿಯನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾರೆ.

ಜೇಮ್ಸ್ ಬಾಂಡ್ ಅಭಿಮಾನಿಗಳಿಗೆ ಇಲ್ಲೊಂದು ಚೂರು ಉಪ್ಪಿನಕಾಯಿ. ಬಾರ್ಬಡೋಸಿನಲ್ಲಿ ಸಕ್ಕರೆಯಿಂದ ಮೊದಲು ದುಡ್ಡು ಬಾಚಿದವರಲ್ಲಿ ಒಬ್ಬ ಜೇಮ್ಸ್ ಡ್ರ್ಯಾಕ್ಸ್. 1650ರ ದಶಕದ ಅವನ ‘ಡ್ರ್ಯಾಕ್ಸ್ ಹಾಲ್’ ಬಂಗಲೆ ಇನ್ನೂ ನಿಂತಿದೆ. 1979ರ ‘ಮೂನ್‌ರೇಕರ್’ನಲ್ಲಿ ರೋಜರ್ ಮೂರ್‌ಗೆ ಎದುರಾಗಿ ಆಕಾಶದಿಂದ ಲೋಕನಾಶಕ್ಕೆ ಹೊರಟ ಖಳನಾಯಕ ಹ್ಯೂಗೋ ಡ್ರ್ಯಾಕ್ಸ್ ನೆನಪಿದ್ದಾನಾ? ಆ ಮನೆತನದ ನೌಕಾಪಡೆಯ ಅಧಿಕಾರಿಯೊಬ್ಬರ ಹೆಸರನ್ನೇ ಲೇಖಕ ಇಯಾನ್ ಫ್ಲೆಮಿಂಗ್ ಖಳನಿಗೆ ಇಟ್ಟಿದ್ದು!

ಹೆಸರು ಕಿತ್ತುಕೊಳ್ಳುವ ಕಲೆ

ಹಡಗಿನಿಂದ ಇಳಿದವನ ಕೈಕಾಲಿಗೆ ಸರಪಳಿ ಹಾಕಿದರೆ ಸಾಲದು. ಅವನು ಯಾರ ಮಗ, ಯಾವ ಊರಿನವನು ಅನ್ನೋದೂ ಅಳಿಸಬೇಕಿತ್ತು. ಅದಕ್ಕೆ ಮೊದಲು ಕೈಹಾಕಿದ್ದು ಹೆಸರಿಗೆ. 1977ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಬಂದ ‘ರೂಟ್ಸ್’ ಧಾರಾವಾಹಿ ನೋಡಿದವರು ಆ ದೃಶ್ಯ ಮರೆಯುವಂತಿಲ್ಲ. ‘ನಿನ್ನ ಹೆಸರು ಟೋಬಿ ಅಂತ ಹೇಳು’ ಅಂತ ಚಾಟಿ. ‘ಕುಂಟಾ ಕಿಂಟೆ’ ಅಂತ ಇವನು. ಮತ್ತೆ ಚಾಟಿ. ಕೊನೆಗೆ ‘ಟೋಬಿ’ ಅಂದ ಮೇಲೇ ಕೆಳಗಿಳಿಸಿದ್ದು.

ಇದು ಕಥೆಗಾರನ ಕಲ್ಪನೆ ಅಂದುಕೊಂಡರೆ ಓಲೌಡಾ ಎಕ್ವಿಯಾನೋ ಎಂಬಾತ 1789ರಲ್ಲಿ ಅಚ್ಚು ಮಾಡಿಸಿದ ಆತ್ಮಕಥೆ ಇದೆ. ಹುಡುಗನಾಗಿದ್ದಾಗ ಆಫ್ರಿಕದಿಂದ ಹಡಗಿನಲ್ಲಿ ತಂದು ಮೊದಲು ಇಳಿಸಿದ್ದು ಬಾರ್ಬಡೋಸಿನಲ್ಲೇ ಅಂತ ಬರೆದಿದ್ದಾನೆ. ಆಮೇಲೆ ಒಬ್ಬೊಬ್ಬ ಒಡೆಯ ಒಂದೊಂದು ಹೆಸರು. ಒಬ್ಬ ಮೈಕೇಲ್ ಅಂದ, ಒಬ್ಬ ಜೇಕಬ್ ಅಂದ. ಕೊನೆಗೆ ಒಬ್ಬ ಕ್ಯಾಪ್ಟನ್ ‘ಗುಸ್ತಾವಸ್ ವಾಸಾ’ ಅಂದ. ಅದು ಸ್ವೀಡನ್ ದೇಶದ ರಾಜನ ಹೆಸರು! ಹುಡುಗ ಒಪ್ಪಲಿಲ್ಲ, ಏಟು ಬಿತ್ತು, ಒಪ್ಪಿಕೊಂಡ. ಗುಲಾಮನಿಗೆ ರಾಜನ ಹೆಸರಿಟ್ಟು ನಗುವುದು ಅಂದಿನ ದೊರೆಗಳಿಗೆ ಒಂದು ವಿನೋದ.

ಬಾರ್ಬಡೋಸಿನಲ್ಲಿ ಚರ್ಚಿನ ಸಂಸ್ಥೆಯೊಂದಕ್ಕೆ ಸೇರಿದ ಕಾಡ್ರಿಂಗ್ಟನ್ ತೋಟವಿತ್ತು. ಅಲ್ಲಿಯ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಲ್ಲಿ ‘ಸೊಸೈಟಿ’ ಅಂತ ಬರೆ ಹಾಕುತ್ತಿದ್ದರು. ಚರ್ಚ್ ಆಫ್ ಇಂಗ್ಲೆಂಡ್ ಇದಕ್ಕೆ ಕ್ಷಮೆ ಕೇಳಿದ್ದು 2006ರಲ್ಲಿ.

ಜನ ಸುಮ್ಮನೆ ಸಹಿಸಿಕೊಂಡರು ಅಂತಲ್ಲ. 1816ರ ಈಸ್ಟರ್ ಭಾನುವಾರ, ಏಪ್ರಿಲ್ 14ರ ರಾತ್ರಿ, ಬುಸ್ಸಾ ಎಂಬ ಗುಲಾಮ ನಾಯಕನ ಹೆಸರಿನ ದಂಗೆ ಎದ್ದಿತು. ಕಬ್ಬಿನ ಗದ್ದೆಗಳು ಹೊತ್ತಿ ಉರಿದವು. ಸೈನ್ಯ ಬಂದು ಹೊಸಕಿ ಹಾಕಿತು. ಬುಸ್ಸಾ ಹೋರಾಟದಲ್ಲೇ ಸತ್ತ. ಅವನಿಗೆ ವಂಶದ ಹೆಸರಿಲ್ಲ. ಬರೀ ಬುಸ್ಸಾ. ಎರಡೂ ಕೈ ಮೇಲೆತ್ತಿ ಸರಪಳಿ ಹರಿದು ನಿಂತ ಗುಲಾಮನ ಒಂದು ಪ್ರತಿಮೆಯನ್ನು 1985ರಲ್ಲಿ ಅಲ್ಲಿ ನಿಲ್ಲಿಸಿದರು. ಜನ ಅದನ್ನು ಬುಸ್ಸಾ ಅಂತಲೇ ಕರೆಯುತ್ತಾರೆ.

ದಂಗೆಯ ಮರುವರ್ಷ, 1817ರಿಂದ, ಗುಲಾಮರ ಪಟ್ಟಿ ಬರೆದಿಡುವ ಕಾನೂನು ಬಂತು. ಒಡೆಯನ ಹೆಸರಿನ ಕೆಳಗೆ ಸಾಲಾಗಿ ಮನುಷ್ಯರು: ಹೆಸರು, ಗಂಡೋ ಹೆಣ್ಣೋ, ವಯಸ್ಸು, ಬಣ್ಣ, ಹುಟ್ಟಿದ್ದೆಲ್ಲಿ, ಮಾಡುವ ಕೆಲಸ ಏನು. ಹೆಸರು ಅಂದರೆ ಹೆಚ್ಚಿನವರಿಗೆ ಒಂದೇ ಒಂದು. ನಾಯಿಗೆ ವಂಶದ ಹೆಸರಿರುತ್ತದೆಯೇ? ಇವರಿಗೂ ಇರಲಿಲ್ಲ.

ಎರಡು ಕೋಟಿ ಪೌಂಡ್... ಯಾರಿಗೆ?

1833ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಗುಲಾಮಗಿರಿ ರದ್ದು ಮಾಡಿತು. 1834ರ ಆಗಸ್ಟ್ 1ರಿಂದ ಜಾರಿ. ಪರಿಹಾರಕ್ಕೆಂದು 2 ಕೋಟಿ ಪೌಂಡ್ ತೆಗೆದಿಟ್ಟರು. ಅಂದಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಸರಿಸುಮಾರು ನೂರಕ್ಕೆ 40ರಷ್ಟು ಮೊತ್ತ!

‘ಭೇಷ್, ಆ ಬಡಪಾಯಿಗಳಿಗೆ ನಾಲ್ಕು ಕಾಸು ಸಿಕ್ಕಿತು’ ಅಂದಿರಾ? ತಡೀರಿ ಸ್ವಾಮಿ! ಒಂದು ಕಾಸೂ ಅವರಿಗಲ್ಲ. ಅಷ್ಟೂ ಒಡೆಯರಿಗೆ! ‘ನಿಮ್ಮ ಆಸ್ತಿ ಕೈಬಿಟ್ಟಿತಲ್ಲ, ಪಾಪ’ ಅಂತ. ಕಂಬರ್‌ಬ್ಯಾಚ್ ಮನೆತನಕ್ಕೂ ಪಾಲು ಬಂತು, ಆ ಕಾಲದ 6 ಸಾವಿರ ಪೌಂಡಿನಷ್ಟು ಅಂತ ಪತ್ರಿಕೆಗಳ ಲೆಕ್ಕ. ಯಾರು ಯಾರಿಗೆ ಎಷ್ಟೆಷ್ಟು ಸಂದಾಯವಾಯಿತು ಅನ್ನೋದನ್ನೆಲ್ಲ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಹಳೆಯ ಕಡತ ಕೆದಕಿ ಪಟ್ಟಿ ಮಾಡಿದ್ದಾರೆ. ಯಾರು ಬೇಕಾದರೂ ನೋಡಬಹುದು. ಕಂಬರ್‌ಬ್ಯಾಚ್ ಹೆಸರೂ ಅದರಲ್ಲಿದೆ.

ಬಿಡುಗಡೆಯಾದವರ ಕಥೆ? ‘ಅಪ್ರೆಂಟಿಸ್’ ಅನ್ನೋ ಹೊಸ ಹೆಸರಿಟ್ಟು ಅದೇ ಒಡೆಯನ ಗದ್ದೆಯಲ್ಲಿ ವಾರಕ್ಕೆ 45 ಗಂಟೆ ಬಿಟ್ಟಿ ಗೇಯಿಸಿದರು. ಅದು ಮುಗಿದದ್ದು 1838ರಲ್ಲಿ. ಆ ಪರಿಹಾರಕ್ಕೆ ಎತ್ತಿದ ಸಾಲವನ್ನು ಬ್ರಿಟನ್ ಪೂರ್ತಿ ತೀರಿಸಿದ್ದು ಯಾವಾಗ ಗೊತ್ತೇ? 2015ರಲ್ಲಿ! ಅಂದರೆ ಕೆರೀಬಿಯನ್ನಿನಿಂದ ಲಂಡನ್ನಿಗೆ ಹೋಗಿ ಬಸ್ಸು ಓಡಿಸಿ, ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ತೆರಿಗೆ ಕಟ್ಟಿದ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳೂ ಒಡೆಯರ ಪರಿಹಾರದ ಸಾಲ ತೀರಿಸಿದಂತಾಯಿತು. ಇದಕ್ಕೆ ಏನನ್ನಬೇಕೋ ನನಗಂತೂ ಶಬ್ದ ಸಿಗುತ್ತಿಲ್ಲ.

ಈಗ ಹೆಸರಿನ ಸರದಿ. ಸ್ವತಂತ್ರನಾದವನು ಕೂಲಿ ಪುಸ್ತಕದಲ್ಲಿ, ಚರ್ಚಿನ ಮದುವೆ ಪುಸ್ತಕದಲ್ಲಿ ಹೆಸರು ಬರೆಸಬೇಕು. ‘ಪೂರ್ತಿ ಹೆಸರೇನು?’ ಅಂತ ಗುಮಾಸ್ತ ಕೇಳುತ್ತಾನೆ. ಆಫ್ರಿಕದ ಹೆಸರು ತಲೆಮಾರುಗಳ ಹಿಂದೆಯೇ ಅಳಿಸಿದೆ. ಎಷ್ಟೋ ಮಂದಿ ತೋಟದ ಒಡೆಯನ ಹೆಸರನ್ನೇ ಬರೆಸಿದರು. ಎಲ್ಲರೂ ಹಾಗೆ ಮಾಡಲಿಲ್ಲ. ಕೆಲವರು ಇಷ್ಟಬಂದ ಬೇರೆ ಹೆಸರು ಆರಿಸಿಕೊಂಡರು, ಕೆಲವರು ಅಪ್ಪನ ಹೆಸರನ್ನೇ ವಂಶದ ಹೆಸರು ಮಾಡಿಕೊಂಡರು. ಆದರೆ ಚೆಷೈರಿನ ಒಂದು ಹಳ್ಳದ ಹೆಸರು ಬಾರ್ಬಡೋಸಿನ ಕರಿಯ ಕುಟುಂಬಗಳಿಗೆ ಅಂಟಿದ್ದು ಈ ದಾರಿಯಲ್ಲೇ. ದ್ವೀಪ ಚಿಕ್ಕದು, ಜಮೀನೆಲ್ಲ ಒಡೆಯರ ಕೈಲಿ. ಹೊಟ್ಟೆಪಾಡಿಗೆ ಜನ ಟ್ರಿನಿಡಾಡಿಗೆ ಹೋದರು, 1904ರಿಂದ ಪನಾಮಾ ಕಾಲುವೆ ತೋಡಲು ಹೋದರು, ನ್ಯೂಯಾರ್ಕಿಗೆ ಹೋದರು, ಲಂಡನ್ನಿಗೆ ಹೋದರು. ಹೆಸರೂ ಜೊತೆಗೇ ಹೋಯಿತು.

ನಮ್ಮ ಬೆಂಗಳೂರಿಗೂ ಬಂದ ಹೆಸರುಗಳು

ಕ್ರಿಕೆಟ್ ಹುಚ್ಚರೇ, ಈಗ ಜೇಬಿನಲ್ಲಿಟ್ಟ ಪ್ರಶ್ನೆ ಹೊರಗೆ ತೆಗೆಯಿರಿ. ವೊರೆಲ್, ವೀಕ್ಸ್, ವಾಲ್ಕಾಟ್. ಸೋಬರ್ಸ್. ಗ್ರೀನಿಜ್, ಹೇನ್ಸ್, ಮಾರ್ಷಲ್, ಗಾರ್ನರ್. ಇವರೆಲ್ಲ ಹುಟ್ಟಿದ್ದು ಆ ಅಂಗೈಯಗಲದ ಬಾರ್ಬಡೋಸಿನಲ್ಲಿ! ಹೆಸರು ನೋಡಿದರೆ ಒಂದಾದರೂ ಆಫ್ರಿಕದ್ದಾ? ಎಲ್ಲ ಇಂಗ್ಲೆಂಡಿನ ಕಡೆಯ ಹೆಸರುಗಳೇ. ನಾವು ರೇಡಿಯೋ ಕಿವಿಗಿಟ್ಟುಕೊಂಡು ಆ ಹೆಸರುಗಳನ್ನು ಜಪ ಮಾಡಿದೆವು, ಅವು ಎಲ್ಲಿಂದ ಬಂದವು ಅಂತ ಕೇಳಲೇ ಇಲ್ಲ.

1974ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮೊಟ್ಟಮೊದಲ ಟೆಸ್ಟ್ ನಡೆಯಿತಲ್ಲ, ಗಾರ್ಡನ್ ಗ್ರೀನಿಜ್ ಟೆಸ್ಟ್ ಕಣಕ್ಕೆ ಇಳಿದದ್ದೇ ಅವತ್ತು. ಮೊದಲ ಇನ್ನಿಂಗ್ಸಿನಲ್ಲಿ 93, ಎರಡನೆಯದರಲ್ಲಿ 107! ಅದೇ ಪಂದ್ಯದಲ್ಲಿ ಪಾದಾರ್ಪಣೆ ಮಾಡಿದ ವಿವ್ ರಿಚರ್ಡ್ಸನನ್ನು ನಮ್ಮ ಚಂದ್ರಶೇಖರ್ ಎರಡು ಸಲವೂ ಬೇಗ ಮನೆಗೆ ಕಳಿಸಿದರು ಅನ್ನೋದು ಬೇರೆ ಮಾತು. 1983ರ ಜೂನ್ 25ರ ಲಾರ್ಡ್ಸ್ ಫೈನಲ್ಲಿನಲ್ಲೂ ನಾಲ್ವರು ಬಾರ್ಬಡೋಸಿನವರಿದ್ದರು. ಹೇನ್ಸನ ಕ್ಯಾಚ್ ಹಿಡಿದದ್ದು ನಮ್ಮ ರೋಜರ್ ಬಿನ್ನಿ!

ಕಂಬರ್‌ಬ್ಯಾಚ್ ಅನ್ನೋ ಹೆಸರೂ ಕ್ರಿಕೆಟ್ಟಿಗೆ ಬಂದಿತ್ತು. 1980ರ ದಶಕದಲ್ಲಿ ವೆಸ್ಟ್ ಇಂಡೀಸಿನ ಟೆಸ್ಟ್ ಪಂದ್ಯಗಳಲ್ಲಿ ಬಿಳಿ ಕೋಟು ತೊಟ್ಟು ಬೆರಳೆತ್ತುತ್ತಿದ್ದ ಅಂಪೈರ್ ಒಬ್ಬರು ಟ್ರಿನಿಡಾಡಿನ ಕ್ಲೈಡ್ ಕಂಬರ್‌ಬ್ಯಾಚ್.

ಹೆಸರನ್ನು ಹೊತ್ತವರೆಲ್ಲ ಸುಮ್ಮನೆ ಹೊತ್ತುಕೊಂಡಿರಲಿಲ್ಲ. ಬಾಕ್ಸರ್ ಕ್ಯಾಷಿಯಸ್ ಕ್ಲೇ 1964ರಲ್ಲಿ ‘ಅದು ಗುಲಾಮರ ಹೆಸರು’ ಅಂತ ಕೊಡವಿ ಎಸೆದು ಮಹಮ್ಮದ್ ಅಲಿ ಆದ. ಮಾಲ್ಕಂ ಲಿಟ್ಲ್ ಅದಕ್ಕೂ ಮೊದಲೇ ತನ್ನ ಹೆಸರಿನ ಬಾಲ ಕತ್ತರಿಸಿ ಬರೀ ‘ಎಕ್ಸ್’ ಬರೆದುಕೊಂಡ. ಕಳೆದುಹೋದ ಹೆಸರಿನ ಜಾಗದಲ್ಲಿ ಒಂದು ಅಡ್ಡಗೀಟಿನ ಗುರುತು. 1992ರಲ್ಲಿ ಸ್ಪೈಕ್ ಲೀ ತೆಗೆದ ಚಿತ್ರದ ಹೆಸರೂ ‘ಮಾಲ್ಕಂ ಎಕ್ಸ್’. ಡೆನ್ಜೆಲ್ ವಾಷಿಂಗ್ಟನ್‌ನ ಅಭಿನಯಕ್ಕಾಗಿಯೇ ಒಮ್ಮೆ ನೋಡಿ.

ಮೊಮ್ಮಗ ಹಾಕಿದ ಎರಡು ವೇಷ

ಈಗ ಬರೋಣ ಮತ್ತೆ ನಮ್ಮ ನಾಯಕನ ಹತ್ತಿರ. 2006ರಲ್ಲಿ ಮೈಕೇಲ್ ಆಪ್ಟೆಡ್ ‘ಅಮೇಜಿಂಗ್ ಗ್ರೇಸ್’ ಎಂಬ ಚಿತ್ರ ತೆಗೆದರು. ಗುಲಾಮ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸನ ಕಥೆ. ಅದರಲ್ಲಿ ಬೆನೆಡಿಕ್ಟ್‌ಗೆ ವಿಲ್ಬರ್‌ಫೋರ್ಸನ ಗೆಳೆಯ, 24ನೇ ವಯಸ್ಸಿಗೇ ಪ್ರಧಾನಿಯಾದ ವಿಲಿಯಂ ಪಿಟ್‌ನ ಪಾತ್ರ. ಹೆಸರು ಕಳೆದುಕೊಂಡ ಎಕ್ವಿಯಾನೋನ ಪಾತ್ರವೂ ಆ ಚಿತ್ರದಲ್ಲಿದೆ, ಮಾಡಿದವರು ಸೆನೆಗಲ್ ದೇಶದ ಗಾಯಕ ಯೂಸೂ ಎನ್‌ಡೂರ್. ತನ್ನ ಹಿರಿಯರು ಮಾಡಿದ್ದಕ್ಕೆ ಒಂದು ಬಗೆಯ ತಪ್ಪುಕಾಣಿಕೆ ಎಂಬಂತೆ ಈ ಪಾತ್ರ ಒಪ್ಪಿಕೊಂಡೆ ಅಂತ ಬೆನೆಡಿಕ್ಟ್ ಹೇಳಿಕೊಂಡಿದ್ದಾನೆ.

2013ರಲ್ಲಿ ವೇಷ ತಿರುಗುಮುರುಗು! ಸ್ಟೀವ್ ಮೆಕ್ವೀನ್‌ರ ‘12 ಇಯರ್ಸ್ ಎ ಸ್ಲೇವ್’ನಲ್ಲಿ ಇವನೇ ಗುಲಾಮರ ಒಡೆಯ, ವಿಲಿಯಂ ಫೋರ್ಡ್. ಬೈಬಲ್ ಓದುವ, ಮೆಲುದನಿಯ, ‘ಒಳ್ಳೆಯ’ ಒಡೆಯ. ಸಂತೆಯಲ್ಲಿ ತಾಯಿಯನ್ನು ಮಕ್ಕಳಿಂದ ಅಗಲಿಸುವಾಗ ಮನಸ್ಸು ಕರಗುತ್ತದೆ, ಆದರೂ ದುಡ್ಡು ಎಣಿಸಿ ಕೊಡುತ್ತಾನೆ. ಕೊಂಡ ಆಳಿಗೆ ಪ್ರೀತಿಯಿಂದ ಪಿಟೀಲು ಕೊಡುತ್ತಾನೆ, ಕೊನೆಗೆ ರಾಕ್ಷಸನಂಥ ಎಪ್ಸ್‌ನ ಕೈಗೆ ಮಾರಿಬಿಡುತ್ತಾನೆ. ಕಣ್ಣು ಕೆಂಪಗೆ ಮಾಡಿ ಅರಚುವ ಖಳನಿಗಿಂತ ಈ ಸಜ್ಜನ ಖಳನೇ ನನಗಂತೂ ಹೆಚ್ಚು ಚಳಿ ಹಿಡಿಸಿದ. ಆ ಚಿತ್ರದಲ್ಲಿ ಕಂಬರ್‌ಬ್ಯಾಚ್ ನಿಜವಾಗಿ ಗೆದ್ದಿರುವುದು ಅಲ್ಲೇ.

ಚಿತ್ರದ ಕಥೆ ನಿಜವಾಗಿ ನಡೆದದ್ದು. ನ್ಯೂಯಾರ್ಕ್ ರಾಜ್ಯದ ಸ್ವತಂತ್ರ ಕರಿಯ ಸಾಲೊಮನ್ ನಾರ್ತಪ್‌ನನ್ನು 1841ರಲ್ಲಿ ಅಪಹರಿಸಿ ಗುಲಾಮನೆಂದು ಮಾರಿದರು. ಮಾರಿದ ದಲ್ಲಾಳಿಯ ಹೆಸರು ಫ್ರೀಮನ್. ಅಂದರೆ ‘ಸ್ವತಂತ್ರ ಮನುಷ್ಯ’! ಈ ಸ್ವತಂತ್ರ ಮನುಷ್ಯ ಸಾಲೊಮನ್ನನನ್ನು ಕರೆದ ಹೆಸರು ‘ಪ್ಲ್ಯಾಟ್’. ಅದು ನನ್ನ ಹೆಸರಲ್ಲ ಅಂದದ್ದಕ್ಕೆ ಚಿತ್ರದಲ್ಲಿ ಕೆನ್ನೆಗೆ ಬೀಳುತ್ತದೆ. 12 ವರ್ಷ ಅವನು ಪ್ಲ್ಯಾಟ್ ಆಗಿಯೇ ದುಡಿದ.

ಚಿತ್ರದಲ್ಲಿ ಇಲ್ಲದ ಒಂದು ಸಂಗತಿ ಇದೆ, ಅದನ್ನು ಬಿಟ್ಟದ್ದೇ ನನಗೆ ಬೇಸರ. ಸಾಲೊಮನ್ನನ ಅಪ್ಪ ಮಿಂಟಸ್ ನಾರ್ತಪ್ ಎಂಬ ಬಿಳಿಯ ಮನೆತನದ ಗುಲಾಮನಾಗಿದ್ದ. ಒಡೆಯ ಉಯಿಲು ಬರೆದು ಬಿಡುಗಡೆ ಮಾಡಿದ. ಒಡೆಯನ ಹೆಸರು ಇವನಿಗೂ ಉಳಿಯಿತು. ಮುಂದೆ ಮಗ ಲೂಸಿಯಾನದ ಗದ್ದೆಯಲ್ಲಿ ಕಣ್ಮರೆಯಾದಾಗ, ಕಾನೂನು ಪತ್ರ ಹಿಡಿದು ಅಷ್ಟು ದೂರ ಹೋಗಿ 1853ರಲ್ಲಿ ಬಿಡಿಸಿ ತಂದವರು ಯಾರು? ಅದೇ ಬಿಳಿಯ ಮನೆತನದ ವಕೀಲ ಹೆನ್ರಿ ನಾರ್ತಪ್! ಚಿತ್ರದಲ್ಲಿ ಆ ಜಾಗಕ್ಕೆ ಪಾರ್ಕರ್ ಎಂಬ ಅಂಗಡಿಯವನು ಬರುತ್ತಾನೆ. ಒಡೆಯನ ವಂಶದವನೂ ಆಳಿನ ಮಗನೂ, ಒಂದೇ ಹೆಸರಿನ ಇಬ್ಬರು, ಆ ಗದ್ದೆಯಲ್ಲಿ ಎದುರುಬದುರು ನಿಂತ ಗಳಿಗೆ ತೆರೆಯ ಮೇಲೆ ಬಂದಿದ್ದರೆ! ನಮ್ಮ ಪುಟ್ಟಣ್ಣನವರ ಕೈಗೆ ಇಂಥ ಸನ್ನಿವೇಶ ಸಿಕ್ಕಿದ್ದರೆ ಬಿಡುತ್ತಿದ್ದರೇ?

ನ್ಯೂಯಾರ್ಕಿನ ಇನ್ನೊಬ್ಬ ಕಂಬರ್‌ಬ್ಯಾಚ್

2014ರ ಜನವರಿ. ‘12 ಇಯರ್ಸ್’ ಆಸ್ಕರ್ ಓಟದಲ್ಲಿತ್ತು, ಮಾರ್ಚಿನಲ್ಲಿ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನೂ ಗೆದ್ದಿತು. ಅದೇ ಜನವರಿಯಲ್ಲಿ ನ್ಯೂಯಾರ್ಕಿನ ಹೊಸ ಮೇಯರ್ ಬಿಲ್ ಡಿ ಬ್ಲಾಸಿಯೊ ನಗರಾಡಳಿತದ ಒಂದು ದೊಡ್ಡ ಇಲಾಖೆಗೆ ಕಮಿಷನರ್ ನೇಮಿಸಿದರು. ಆಕೆಯ ಹೆಸರು ಸ್ಟೇಸಿ ಕಂಬರ್‌ಬ್ಯಾಚ್. ಕರಿಯ ಹೆಂಗಸು. ‘ಆ ನಟ ನಿಮಗೆ ನೆಂಟನೇ?’ ಅಂತ ಪತ್ರಿಕೆಯವರು ಕೇಳದೆ ಬಿಡುತ್ತಾರೆಯೇ? ಆಕೆ ಕೊಟ್ಟ ಉತ್ತರದ ಸಾರ ಇಷ್ಟು: ಬಾರ್ಬಡೋಸಿನಲ್ಲಿ ಅವನ ಪೂರ್ವಿಕರು ತನ್ನ ಪೂರ್ವಿಕರ ಒಡೆಯರಾಗಿದ್ದರು, ಹೆಸರಿನ ನಂಟು ಅಲ್ಲಿಯದು.

ಬಾರ್ಬಡೋಸ್ 2021ರ ನವೆಂಬರ್ 30ರಂದು ಇಂಗ್ಲೆಂಡಿನ ರಾಣಿಯನ್ನು ಬಿಟ್ಟು ಗಣರಾಜ್ಯವಾಯಿತು. ಪರಿಹಾರದ ಕೂಗು ಅದಕ್ಕೂ ಹಳೆಯದು. 2013ರಲ್ಲೇ ಕೆರೀಬಿಯನ್ ದೇಶಗಳೆಲ್ಲ ಸೇರಿ ಅದಕ್ಕೊಂದು ಆಯೋಗ ಕಟ್ಟಿಕೊಂಡವು. 2022ರ ಕೊನೆಯಲ್ಲಿ, ಡ್ರ್ಯಾಕ್ಸ್ ಮನೆತನದ ಜೊತೆ ಕಂಬರ್‌ಬ್ಯಾಚ್ ಮನೆತನದ ಹೆಸರೂ ಸೇರಿ ಬ್ರಿಟಿಷ್ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅಮ್ಮ ಎಂದೋ ಅಂಜಿದ್ದು ಪತ್ರಿಕೆಯ ಮುಖಪುಟಕ್ಕೇ ಬಂತು!

ಏಳು ತಲೆಮಾರಿನ ಹಿಂದಿನವನು ಮಾಡಿದ್ದಕ್ಕೆ ಈಗಿನವನು ಯಾಕೆ ತಲೆ ಕೊಡಬೇಕು ಅಂತ ನಿಮ್ಮಲ್ಲಿ ಅರ್ಧ ಜನ ಕೇಳುತ್ತೀರಿ. ಸರಿಯಾದ ಪ್ರಶ್ನೆಯೇ. ಬೆನೆಡಿಕ್ಟ್ ಕೂಡ ಅದನ್ನೇ ಕೇಳಿದ್ದ, ಪ್ರಾಯಶ್ಚಿತ್ತಕ್ಕೆ ಕೊನೆ ಎಲ್ಲಿ, ನಾನೇನು ಆ ದುಡ್ಡಿನಲ್ಲಿ ಬದುಕುತ್ತಿಲ್ಲವಲ್ಲ ಅಂತ. ಅವನ ಮುತ್ತಾತ ಟರ್ಕಿಯಲ್ಲಿ ಬ್ರಿಟಿಷ್ ರಾಯಭಾರ ಕಚೇರಿಯ ಅಧಿಕಾರಿ, ತಾತ ನೌಕಾಪಡೆಯ ಸಬ್‌ಮೆರೀನ್ ಅಧಿಕಾರಿ, ಅಪ್ಪ-ಅಮ್ಮ ನಟರು. ಸಕ್ಕರೆಯ ದುಡ್ಡು ಎಂದೋ ಕರಗಿರಬಹುದು. ಆದರೆ 1834ರಲ್ಲಿ ಕಾಸಿಲ್ಲದೆ ಬರಿಗೈಲಿ ಗದ್ದೆಯಿಂದ ಹೊರಬಿದ್ದವನ ಮರಿಮಗನ ಕಡೆ ನಿಂತು ಲೆಕ್ಕ ಹಾಕಿ ನೋಡಿ, ಉತ್ತರ ಬೇರೆ ಬರುತ್ತದೆ. ಆ ಆಯೋಗ ಬೆರಳು ತೋರಿಸುತ್ತಿರುವುದೂ ಮುಖ್ಯವಾಗಿ ಯುರೋಪಿನ ಸರ್ಕಾರಗಳ ಕಡೆಗೇ. ನನ್ನ ಓಟು ಆ ಕಡೆಗೆ.

ಅಂದ ಹಾಗೆ, ‘ಷರ್ಲಾಕ್’ನ ಮೂರನೆಯ ಸರಣಿ ಶುರುವಾದದ್ದೂ 2014ರ ಜನವರಿ 1ರಂದೇ. ಅದರಲ್ಲಿ ಷರ್ಲಾಕನ ಅಪ್ಪ-ಅಮ್ಮ ಬಂದು ಸೋಫಾದ ಮೇಲೆ ಕೂರುತ್ತಾರೆ. ಪಾತ್ರ ಮಾಡಿದವರು ಬೆನೆಡಿಕ್ಟ್‌ನ ಸ್ವಂತ ಅಪ್ಪ-ಅಮ್ಮ! ಮೊಬೈಲಿನಲ್ಲಿ ನೋಡುವವರು ಆತುರಪಟ್ಟು ಮುಂದಕ್ಕೆ ಓಡಿಸಬೇಡಿ, ಕೊನೆಗೆ ಬರುವ ಹೆಸರುಗಳ ಪಟ್ಟಿ ಓದಿ. ಮಗನ ಹೆಸರು ಕಂಬರ್‌ಬ್ಯಾಚ್. ಅಪ್ಪನ ಹೆಸರು ಅಲ್ಲೂ ಟಿಮೊಥಿ ಕಾರ್ಲ್‌ಟನ್ ಅಂತಲೇ ಇದೆ.